ಪಿಸ್ಟನ್ ಕೊಳ್ಳುವ ಮುಂಚೆ: ಅಬ್ಬು ಅವರ ಓಮ್ನಿ ಕಲಿಸಿದ ವಾಣಿಜ್ಯ ಪಾಠ

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ನಮ್ಮ ಅಬ್ಬು ಅವರ ಹತ್ತಿರ 2006ನೇ ಮಾಡೆಲ್‌ನ ಒಂದು ಹಳದಿ ಬೋರ್ಡ್ ಓಮ್ನಿ ಇದೆ. ತುಮಕೂರಿನ ಬೇಕರಿಗಳಿಂದ ಬನ್ನು, ಬ್ರೆಡ್ಡು, ರಸ್ಕು ತುಂಬಿಕೊಂಡು ಗುಬ್ಬಿ, ಕುಣಿಗಲ್ ಕಡೆಯ ಅಂಗಡಿಗಳಿಗೆ ಹಾಕಿ ಬರುವುದು ಅವರ ಕೆಲಸ. ನನ್ನ ಕಾಲೇಜಿನ ಫೀಸು, ತಮ್ಮನ ಪುಸ್ತಕ, ಮನೆಯ ಬಾಡಿಗೆ ಎಲ್ಲವೂ ಅದೇ ಗಾಡಿಯಿಂದ ಬರುತ್ತದೆ. 2025ರಲ್ಲಿ ಆ ಗಾಡಿಯ ಇಂಜಿನ್ನನ್ನು ನಾವು ಎರಡು ಸಲ ಬಿಚ್ಚಿಸಬೇಕಾಯಿತು. ಒಂದೇ ಸಲ ಸಾಕಾಗಿತ್ತು. ಎರಡನೇ ಸಲ ಏಕೆ ಬೇಕಾಯಿತು ಎಂಬುದೇ ಈ ಲೇಖನ. ನಮ್ಮಲ್ಲಿ ಅನೇಕರ ಮನೆಯಲ್ಲಿ ಹಳೆಯ ಕಾರು, ಆಟೋ, ವ್ಯಾನು ಇರುವುದರಿಂದ ಇದು ಯಾರಿಗಾದರೂ ಉಪಯೋಗವಾಗಬಹುದು ಎಂದು ಬರೆಯುತ್ತಿದ್ದೇನೆ.

ಇಂಜಿನ್ನಿನ ಪರಿಚಯ

ಓಮ್ನಿ 1984ರಲ್ಲಿ ‘ಮಾರುತಿ ವ್ಯಾನ್’ ಎಂಬ ಹೆಸರಿನಲ್ಲಿ ಬಂದು 2019ರಲ್ಲಿ ನಿಂತುಹೋಯಿತು. ಅದರಲ್ಲಿರುವುದು ಮಾರುತಿ 800 ಕಾರಿನದೇ ಇಂಜಿನ್. ಮೂರು ಸಿಲಿಂಡರ್, 796 ಸಿ.ಸಿ. ಈ 796 ಎಲ್ಲಿಂದ ಬಂತು ಎಂದು ನಾನು ಉಸ್ತಾದರನ್ನು ಕೇಳಿದೆ. (ನಮ್ಮ ಮನೆಯಲ್ಲಿ ಮೆಕ್ಯಾನಿಕ್ಕನ್ನು ಉಸ್ತಾದ್ ಎಂದೇ ಕರೆಯುವುದು.) ಅವರು ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟು, "ಲೆಕ್ಕ ಓದುವವಳು ನೀನು, ನೀನೇ ಮಾಡು ಬೇಟಾ" ಎಂದರು. ಸಿಲಿಂಡರಿನ ಬಾಯಿಯ ಅಗಲ, ಅಂದರೆ ಬೋರ್, 68.5 ಮಿ.ಮೀ. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, ಅಂದರೆ ಸ್ಟ್ರೋಕ್, 72 ಮಿ.ಮೀ. ವೃತ್ತದ ವಿಸ್ತೀರ್ಣವನ್ನು ಸ್ಟ್ರೋಕ್‌ನಿಂದ ಗುಣಿಸಿ, ಮೂರರಿಂದ ಗುಣಿಸಿದರೆ ಸರಿಯಾಗಿ 796 ಘನ ಸೆಂಟಿಮೀಟರ್ ಬರುತ್ತದೆ. ಹತ್ತನೇ ತರಗತಿಯ ಗಣಿತ ಸಾಕು.

ರೋಗ ಯಾವುದೆಂದು ತಿಳಿಯುವುದು

ನಮ್ಮ ಗಾಡಿ ನೀಲಿ ಹೊಗೆ ಬಿಡುತ್ತಿತ್ತು, ಏರಿನಲ್ಲಿ ಎಳೆಯುತ್ತಿರಲಿಲ್ಲ, ಇಂಜಿನ್ ಆಯಿಲ್ ಬೇಗ ಕಡಿಮೆಯಾಗುತ್ತಿತ್ತು. ಹೀಗೆ ಹೊಗೆ ಬಿಡುವ ಗಾಡಿಗೆ ಎಫ್‌.ಸಿ. ಸಿಗುವುದಿಲ್ಲ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ ಎಂದು ಅರ್ಥ. ಆದರೆ ಆಯಿಲ್ ಪಿಸ್ಟನ್ ರಿಂಗಿನ ಪಕ್ಕದಿಂದ ಮೇಲೆ ಬರುತ್ತಿದೆಯೋ, ವಾಲ್ವಿನ ಸೀಲಿನಿಂದ ಕೆಳಗೆ ಇಳಿಯುತ್ತಿದೆಯೋ ಎಂದು ಹೊಗೆ ನೋಡಿದರೆ ಮಾತ್ರ ಗೊತ್ತಾಗುವುದಿಲ್ಲ.

ಅದಕ್ಕೆ ಉಸ್ತಾದರು ಕಂಪ್ರೆಷನ್ ಪರೀಕ್ಷೆ ಮಾಡಿದರು. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ಸೆಲ್ಫ್ ಹೊಡೆದರು. ಓದು ಕಡಿಮೆ ಬಂತು. ಆಮೇಲೆ ಅದೇ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ಈಗ ಓದು ಏರಿತು. ಆಯಿಲ್ ಸ್ವಲ್ಪ ಹೊತ್ತು ರಿಂಗಿನ ಸಂದನ್ನು ಮುಚ್ಚುತ್ತದೆ. ಅದರಿಂದ ಓದು ಏರಿದರೆ ಸವೆದಿರುವುದು ರಿಂಗು ಅಥವಾ ಬೋರ್. ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಇಷ್ಟು ಸುಲಭದ ಪರೀಕ್ಷೆ ಮಾಡದೆ ಸಾಮಾನು ಕೊಳ್ಳುವವರು ಬೇಡದ್ದಕ್ಕೆ ದುಡ್ಡು ಕೊಡುತ್ತಾರೆ.

ಅಳತೆಯ ಪಾಠ: ಸ್ಟ್ಯಾಂಡರ್ಡ್, 0.25, 0.50

ಸವೆದ ಸಿಲಿಂಡರ್ ದುಂಡಗೆ ಇರುವುದಿಲ್ಲ, ಮೇಲೂ ಕೆಳಗೂ ಒಂದೇ ಅಗಲವೂ ಇರುವುದಿಲ್ಲ. ಅದನ್ನು ಲೇತ್ ಶಾಪಿನಲ್ಲಿ ಬೋರ್ ಮಾಡಿಸಿ ಸ್ವಲ್ಪ ದೊಡ್ಡದು ಮಾಡುತ್ತಾರೆ. ಆಗ ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಬೇಕು. ನಮ್ಮ ಇಂಜಿನ್ನಿಗೆ ಮೂರು ಅಳತೆ ಇವೆ. ಸ್ಟ್ಯಾಂಡರ್ಡ್ 68.50 ಮಿ.ಮೀ., ಮೊದಲ ಓವರ್‌ಸೈಜ್ 68.75, ಎರಡನೆಯದು 69.00. ಎರಡನೆಯದೂ ಮುಗಿದರೆ ಸಿಲಿಂಡರಿಗೆ ಸ್ಲೀವ್ ಹಾಕಿಸಿ ಮತ್ತೆ ಸ್ಟ್ಯಾಂಡರ್ಡಿಗೆ ತರಬೇಕು, ಇಲ್ಲವೇ ಬ್ಲಾಕನ್ನೇ ಬದಲಿಸಬೇಕು. ಅಂದರೆ ಪ್ರತಿ ಬೋರಿಂಗೂ ಬ್ಲಾಕಿನ ಆಯುಸ್ಸಿನಿಂದ ಒಂದು ಮೆಟ್ಟಿಲು ತೆಗೆದ ಹಾಗೆ. ನಾವು ಸವಕಳಿ ಎಂದು ಲೆಕ್ಕಶಾಸ್ತ್ರದಲ್ಲಿ ಪುಸ್ತಕದ ಮೇಲೆ ಬರೆಯುವುದನ್ನು ಇಲ್ಲಿ ಕಣ್ಣಿನಿಂದಲೇ ನೋಡಬಹುದು.

ಇಲ್ಲಿ ಮೂರು ತಪ್ಪು ಸಾಮಾನ್ಯವಾಗಿ ಆಗುತ್ತವೆ.

ಒಂದು, ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುವುದು. ಕ್ರಮ ಉಲ್ಟಾ ಇರಬೇಕು. ಪಿಸ್ಟನ್ ಕೈಗೆ ಬಂದ ಮೇಲೆ ಲೇತಿನವರು ಅದನ್ನೇ ಅಳೆದು, ನೂರನೇ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಸಂದು ಬಿಟ್ಟು ಬೋರ್ ಮಾಡುತ್ತಾರೆ. ಬೋರ್ ಮಾಡಿಸಿದ ಅಳತೆಯ ಪಿಸ್ಟನ್ ಸಿಗದಿದ್ದರೆ ಬ್ಲಾಕು ಮೂಲೆಯಲ್ಲಿ ಕೂರುತ್ತದೆ.

ಎರಡು, ಸಿ.ಸಿ. ಮಾತ್ರ ಹೇಳಿ ಪಿಸ್ಟನ್ ಕೇಳುವುದು. ಅದೇ 796 ಸಿ.ಸಿ., ಅದೇ ಬೋರ್ ಇರುವ ಇಂಜಿನ್ನಿನಲ್ಲಿ 6 ವಾಲ್ವಿನದು ಬೇರೆ, 12 ವಾಲ್ವಿನದು ಬೇರೆ. ಆದ್ದರಿಂದ ಗಾಡಿಯ ಮಾಡೆಲ್, ವರ್ಷ, ಇಂಜಿನ್ ನಂಬರ್ ಬರೆದುಕೊಂಡು, ಸಾಧ್ಯವಾದರೆ ಹಳೆಯ ಪಿಸ್ಟನ್ನನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಬೇಕು.

ಮೂರು, ಪಿಸ್ಟನ್ನಿನ ಲೆಕ್ಕವನ್ನೇ ಬೇರಿಂಗಿಗೂ ಹಾಕುವುದು. ಬೋರ್ ದೊಡ್ಡದಾಗುತ್ತದೆ, ಹಾಗಾಗಿ ಪಿಸ್ಟನ್ ಓವರ್‌ಸೈಜ್. ಕ್ರ್ಯಾಂಕ್ ಉಜ್ಜಿಸಿದರೆ ಅದು ಸಣ್ಣದಾಗುತ್ತದೆ, ಹಾಗಾಗಿ ಬೇರಿಂಗ್ ಅಂಡರ್‌ಸೈಜ್.

ಸಾಮಾನು ಎಲ್ಲಿ ಸಿಗುತ್ತದೆ?

ಹಳೆಯ ಗಾಡಿಯ ಸಾಮಾನಿಗೆ ಮೂರು ದಾರಿ ಇವೆ. ಮೊದಲನೆಯದು, ಗಾಡಿ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವ ಜೆನ್ಯುಯಿನ್ ಪಾರ್ಟ್ಸ್. ಎರಡನೆಯದು, ಪಿಸ್ಟನ್ನು ರಿಂಗನ್ನೇ ತಯಾರಿಸುವ ಕಾರ್ಖಾನೆಗಳು ತಮ್ಮ ಹೆಸರಿನಲ್ಲಿ ಮಾರುವ ಸಾಮಾನು. ಇದು ಡೂಪ್ಲಿಕೇಟ್ ಅಲ್ಲ. ಗೋಯೆಟ್ಜ್ ಕಾರ್ಖಾನೆ ನಮ್ಮ ಯಲಹಂಕದಲ್ಲೇ ಇದೆ. ಇಂಡಿಯಾ ಪಿಸ್ಟನ್ಸ್ ಚೆನ್ನೈನದು. ‘ಉಷಾ’ ಹೆಸರಿನ ಪಿಸ್ಟನ್ ಮಾಡುವ ಶ್ರೀರಾಮ್ ಪಿಸ್ಟನ್ಸ್ ಕಾರ್ಖಾನೆ ಗಾಜಿಯಾಬಾದಿನಲ್ಲಿದೆ. ಮೂರನೆಯದು ಗುಜರಿ. ಗುಜರಿಯಲ್ಲಿ ಬಾಗಿಲು, ಸೀಟು, ಬ್ರಾಕೆಟ್ ಕೊಳ್ಳಬಹುದು. ಆದರೆ ಸವೆದ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್, ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್ ಕೊಳ್ಳಬಾರದು. ಬಿಲ್ಲಿಲ್ಲದ ಹಳೆಯ ಇಂಜಿನ್ ಕೊಂಡರೆ ಅದು ಕಳುವಿನ ಗಾಡಿಯದಾಗಿರಬಹುದು. ಇಂಜಿನ್ ನಂಬರ್ ಬದಲಾದರೆ ಆರ್‌.ಟಿ.ಓ.ಗೆ ತಿಳಿಸಿ ಆರ್‌.ಸಿ.ಯಲ್ಲಿ ಬರೆಸಲೂ ಬೇಕು.

ಒಂದು ವಿಷಯ ನನಗೆ ಆಶ್ಚರ್ಯವಾಯಿತು. ಸ್ಟ್ಯಾಂಡರ್ಡ್ ಸೆಟ್ ಕೇಳಿದ ಕಡೆ ಸಿಕ್ಕಿತು, 0.50 ಸೆಟ್ ಸಿಗಲಿಲ್ಲ. ಅಂಗಡಿಯವರ ಕಡೆಯಿಂದ ನೋಡಿದರೆ ಇದು ಸರಿಯೇ. ಗಾಡಿ ತಯಾರಾಗುವುದು ನಿಂತಿದೆ, ಓಡುವ ಗಾಡಿಗಳ ಸಂಖ್ಯೆ ವರ್ಷ ವರ್ಷ ಇಳಿಯುತ್ತದೆ, ಅದರಲ್ಲೂ ಎರಡನೇ ಸಲ ಬೋರ್ ಮಾಡಿಸುವವರು ಇನ್ನೂ ಕಡಿಮೆ. ಯಾವಾಗಲೋ ಒಬ್ಬರು ಬಂದು ಕೇಳುವ ಡಬ್ಬಿಯ ಮೇಲೆ ಬಂಡವಾಳ ಕಟ್ಟಿಹಾಕಲು ಯಾರು ಒಪ್ಪುತ್ತಾರೆ? ದಾಸ್ತಾನು ವಹಿವಾಟಿನ ಅನುಪಾತ ಎಂದು ನಾವು ಓದುತ್ತೇವಲ್ಲ, ಅದೇ ಇದು. ಅದಕ್ಕೇ ಅಪರೂಪದ ಅಳತೆಗೆ ದೊಡ್ಡ ಮಾರುಕಟ್ಟೆಗೇ ಹೋಗಬೇಕು. ನಮ್ಮ ಕಡೆಯವರಿಗೆ ಅದು ಬೆಂಗಳೂರಿನ ಜೆ.ಸಿ. ರಸ್ತೆ.

ನಮ್ಮ ತಪ್ಪು

ಜುಲೈನಲ್ಲಿ ಮೊದಲ ಸಲ ಇಂಜಿನ್ ಇಳಿಸಿದಾಗ ಉಸ್ತಾದರು 0.25 ಸೆಟ್ ತರಲು ಹೇಳಿದರು. ಒಂದು ಅಂಗಡಿಯಲ್ಲಿ ಹೆಸರಾಂತ ಕಂಪನಿಯ ಡಬ್ಬಿಯಂತೆ ಕಾಣುವ ಸೆಟ್ಟನ್ನು ಬೇರೆ ಕಡೆಗಿಂತ 1,100 ರೂ. ಕಡಿಮೆಗೆ ಕೊಟ್ಟರು. ಬಿಲ್ ಬೇಕೆಂದರೆ ಟ್ಯಾಕ್ಸ್ ಸೇರುತ್ತದೆ ಎಂದರು. ಅಬ್ಬು ಬಿಲ್ ಬೇಡ ಎಂದರು. ಪಕ್ಕದಲ್ಲಿ ನಾನೂ ಇದ್ದೆ. ದುಡ್ಡು ಉಳಿಯಿತೆಂದು ಖುಷಿಪಟ್ಟೆ. ವ್ಯವಹಾರ ಅಧ್ಯಯನ ಓದುವ ನಾನು ಬಾಯಿ ಬಿಡಲಿಲ್ಲ.

ನಾಲ್ಕು ತಿಂಗಳಲ್ಲಿ ಹೊಗೆ ಮತ್ತೆ ಶುರುವಾಯಿತು. ಬಿಚ್ಚಿ ನೋಡಿದರೆ ಒಂದು ರಿಂಗ್ ಮುರಿದು ಸಿಲಿಂಡರಿನ ಗೋಡೆಯಲ್ಲಿ ಗೀರು ಎಳೆದಿತ್ತು. ಉಸ್ತಾದರು ಪಿಸ್ಟನ್ನುಗಳನ್ನು ತಂದು ನಮ್ಮ ಮಾಮುವಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಡಿಸಿದರು. ಒಂದೇ ಸೆಟ್ಟಿನ ಮೂರು ಪಿಸ್ಟನ್ ಹೆಚ್ಚು ಕಡಿಮೆ ಒಂದೇ ತೂಕ ಇರಬೇಕು. ನಮ್ಮವು ಮೂರೂ ಮೂರು ತೂಕ. "ಮೆಹೆಂಗಾ ರೋಯೆ ಏಕ್ ಬಾರ್, ಸಸ್ತಾ ರೋಯೆ ಬಾರ್ ಬಾರ್" ಎಂದರು ಉಸ್ತಾದರು. ದುಬಾರಿ ಕೊಂಡವನು ಒಂದು ಸಲ ಅಳುತ್ತಾನೆ, ಅಗ್ಗ ಕೊಂಡವನು ಮತ್ತೆ ಮತ್ತೆ ಅಳುತ್ತಾನೆ ಎಂದು ಅರ್ಥ.

ಅಂದು ರಾತ್ರಿ ನಾನು ನೋಟ್ ಪುಸ್ತಕದಲ್ಲಿ ಲೆಕ್ಕ ಬರೆದೆ. ಇಂಜಿನ್ ಇಳಿಸಿ ಕೂರಿಸಲು ಎರಡನೇ ಸಲದ ಕೂಲಿ 6,000. ಗ್ಯಾಸ್ಕೆಟ್ ಕಿಟ್ ಮತ್ತು ಆಯಿಲ್ 2,400. ಮೂರು ಸಿಲಿಂಡರ್ ಬೋರಿಂಗ್ 1,800. ಗಾಡಿ 9 ದಿನ ನಿಂತಿತ್ತು. ಖರ್ಚು ಕಳೆದು ದಿನಕ್ಕೆ 700ರಂತೆ 6,300. ಒಟ್ಟು 16,500 ರೂ. ಹೊಸ ಪಿಸ್ಟನ್ ಸೆಟ್ಟಿನ ಬೆಲೆ ಇದರಲ್ಲಿ ಸೇರಿಲ್ಲ. ಉಳಿಸಿದ್ದು 1,100, ಕಳೆದದ್ದು ಅದರ 15 ಪಟ್ಟು. ಕೊನೆಯ ಸಾಲಿನ 6,300ನ್ನು ಯಾರೂ ನಮ್ಮ ಕೈಯಿಂದ ತೆಗೆದುಕೊಂಡಿಲ್ಲ, ಆದರೂ ಅದು ನಷ್ಟವೇ. ಅವಕಾಶ ವೆಚ್ಚ ಎಂದರೆ ಏನೆಂದು ನನಗೆ ಅಂದು ಅರ್ಥವಾಯಿತು. ಇನ್ನೊಂದು ನಷ್ಟಕ್ಕೆ ನನ್ನ ಹತ್ತಿರ ಅಂಕಿ ಇಲ್ಲ: ಗೀರು ಹೋಗಿಸಲು 69.00ಕ್ಕೆ ಬೋರ್ ಮಾಡಿಸಬೇಕಾಯಿತು. ನಾಲ್ಕೇ ತಿಂಗಳಿಗೆ ಒಂದು ಮೆಟ್ಟಿಲು ಹೋಯಿತು, ಮುಂದೆ ಮೆಟ್ಟಿಲು ಇಲ್ಲ.

ಎರಡನೇ ಸಲ ಏನು ಮಾಡಿದೆವು?

ನವೆಂಬರಿನಲ್ಲಿ ಅಬ್ಬು ಮತ್ತು ನಾನು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಕೇಳಿದೆವು. ನಾಲ್ಕನೇ ಅಂಗಡಿಯಲ್ಲಿ 0.50 ಸೆಟ್ ಸಿಕ್ಕಿತು. ಈ ಸಲ ನಾನು ಡಬ್ಬಿಯನ್ನು ಓದಿದೆ. ತಯಾರಕರ ಹೆಸರು ವಿಳಾಸ, ಪಾರ್ಟ್ ನಂಬರ್, ಎಂ.ಆರ್.ಪಿ., ತಿಂಗಳು ಮತ್ತು ವರ್ಷ, ಗ್ರಾಹಕರು ಕರೆ ಮಾಡುವ ನಂಬರ್ ಎಲ್ಲ ಇರಬೇಕು. ಪಿಸ್ಟನ್ನಿನ ತಲೆಯ ಮೇಲಿನ ಅಳತೆಯ ಗುರುತು ಡಬ್ಬಿಯ ಮೇಲಿನದಕ್ಕೆ ಹೊಂದಬೇಕು.

ಬಿಲ್ಲನ್ನೂ ಓದಿದೆ. ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 18. ಪಿಸ್ಟನ್ನಿಗೆ ಅದಕ್ಕೂ ಮುಂಚೆ ಶೇ. 28 ಇತ್ತು. ಅಂದರೆ 100 ರೂಪಾಯಿಯ ಸಾಮಾನು 128ರಿಂದ 118ಕ್ಕೆ ಇಳಿಯಬೇಕು. ರಾಜ್ಯದೊಳಗೆ ಕೊಂಡರೆ ಬಿಲ್ಲಿನಲ್ಲಿ ಕೇಂದ್ರದ್ದು 9, ರಾಜ್ಯದ್ದು 9 ಎಂದು ಇರುತ್ತದೆ. ಚೆನ್ನೈನಿಂದ ತರಿಸಿಕೊಂಡರೆ ಒಟ್ಟಿಗೆ ಐ.ಜಿ.ಎಸ್.ಟಿ. 18.

ವರ್ಕ್‌ಶಾಪಿನಲ್ಲಿ ಮತ್ತೆ ತೂಕ ನೋಡಿದೆವು, ಸರಿಯಿತ್ತು. ಲೇತಿನವರು ಪಿಸ್ಟನ್ ಅಳೆದು ಬೋರ್ ಮಾಡಿ, ಹೋನಿಂಗ್‌ನಲ್ಲಿ ಗೋಡೆಯ ಮೇಲೆ ಅಡ್ಡಡ್ಡ ಗೆರೆ ಮೂಡಿಸಿದರು. ಆ ಗೆರೆಗಳಲ್ಲಿ ಆಯಿಲ್ ನಿಲ್ಲುತ್ತದೆ. ಉಸ್ತಾದರು ಪ್ರತಿ ರಿಂಗನ್ನೂ ಬರಿಯ ಸಿಲಿಂಡರಿನಲ್ಲಿ ಇಳಿಸಿ ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಿದರು. ಸಂದೇ ಇಲ್ಲದಿದ್ದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ತಾಗಿ ಮುರಿಯುತ್ತದೆ. ತೀರಾ ಹೆಚ್ಚಿದ್ದರೆ ಗ್ಯಾಸ್ ಸೋರುತ್ತದೆ. ಜುಲೈನಲ್ಲಿ ಅವಸರದಲ್ಲಿ ಇದನ್ನು ಬಿಟ್ಟಿದ್ದೆವು ಎಂದು ಅವರೇ ಒಪ್ಪಿಕೊಂಡರು.

ಕಾನೂನು ಏನು ಹೇಳುತ್ತದೆ?

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೋಷವಿರುವ ಸಾಮಾನಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. 5 ಲಕ್ಷ ರೂ.ವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಪಾಠದಲ್ಲಿ ಓದಿ, ಅಬ್ಬು ಬಾಡಿಗೆ ಓಡಿಸುವವರು, ಅವರಿಗೆ ಇದು ಸಲ್ಲುವುದಿಲ್ಲ ಎಂದುಕೊಂಡಿದ್ದೆ. ಆದರೆ ಸ್ವಯಂ ಉದ್ಯೋಗದಿಂದ ಜೀವನ ನಡೆಸಲು ತಾನೇ ಬಳಸುವ ಸಾಮಾನು ಕೊಂಡವರು ಗ್ರಾಹಕರೇ ಎಂದು ಅದೇ ವ್ಯಾಖ್ಯೆಯ ವಿವರಣೆಯಲ್ಲಿದೆ. ಅಂದರೆ ಕಾನೂನು ನಮ್ಮ ಜೊತೆಗಿತ್ತು. ನಮ್ಮ ಹತ್ತಿರ ಇಲ್ಲದ್ದು ಬಿಲ್ಲು. ಅಬ್ಬು ಆ ಅಂಗಡಿಗೆ ಹೋಗಿ ಕೇಳಿದಾಗ, ನಮ್ಮಲ್ಲಿ ಕೊಂಡದ್ದು ಎನ್ನಲು ಏನಿದೆ ಎಂದರಂತೆ. ಅಬ್ಬು ಸುಮ್ಮನೆ ವಾಪಸ್ ಬಂದರು.

ನೆನಪಿಡಬೇಕಾದದ್ದು

1. ಪರೀಕ್ಷೆ ಮಾಡಿಸದೆ ಇಂಜಿನ್ ಬಿಚ್ಚಿಸಬೇಡಿ.
2. ಮೊದಲು ಪಿಸ್ಟನ್, ಆಮೇಲೆ ಬೋರಿಂಗ್.
3. ಮಾಡೆಲ್, ವರ್ಷ, ಇಂಜಿನ್ ನಂಬರ್ ಬರೆದುಕೊಂಡು ಹೋಗಿ. ಹಳೆಯ ಸಾಮಾನು ಜೊತೆಗಿರಲಿ.
4. ಅಳತೆ, ತೂಕ, ರಿಂಗಿನ ಸಂದು ನೋಡದೆ ಕೂರಿಸಬೇಡಿ.
5. ಸಾಮಾನಿನ ಬೆಲೆಯೊಂದನ್ನೇ ನೋಡಬೇಡಿ. ಮತ್ತೊಮ್ಮೆ ಬಿಚ್ಚಿದರೆ ಎಷ್ಟು ಎಂದು ಲೆಕ್ಕ ಹಾಕಿ.
6. ಬಿಲ್ ತೆಗೆದುಕೊಳ್ಳಿ.

ಓಮ್ನಿ ಈಗ ಚೆನ್ನಾಗಿ ಓಡುತ್ತಿದೆ. ಲೆಕ್ಕ ಹಾಕಿದರೆ ಅದು ಈಗ 796 ಅಲ್ಲ, ಸುಮಾರು 808 ಸಿ.ಸಿ. ಅಬ್ಬುವಿಗೆ ಹೇಳಿದಾಗ ನಕ್ಕು, "ಹಾಗಾದರೆ 12 ಸಿ.ಸಿ. ಲಾಭ ಅನ್ನು" ಎಂದರು. ಆ 12 ಸಿ.ಸಿ.ಯ ಬಿಲ್ಲನ್ನು ನಾನು ನನ್ನ ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿಯ ಫೈಲಿನಲ್ಲಿ ಇಟ್ಟಿದ್ದೇನೆ. ನಿಮ್ಮ ಮನೆಯವರು ಗಾಡಿಯ ಸಾಮಾನು ತರಲು ಹೊರಟರೆ ನೀವೂ ಜೊತೆಗೆ ಹೋಗಿ. ನನ್ನ ಹಾಗೆ ಸುಮ್ಮನೆ ನಿಲ್ಲಬೇಡಿ.