ಮದುವೆ ಮುಗಿಯಿತು, ತೆರಿಗೆ ಮುಗಿದಿಲ್ಲ

ಅಮೆರಿಕದಲ್ಲಿ ನೆಲೆಸಿದ ನಮ್ಮವರ ಎಷ್ಟೋ ಮನೆಗಳಲ್ಲಿ ತೆರಿಗೆಯ ವ್ಯವಹಾರ ಒಬ್ಬರ ಕೈಯಲ್ಲೇ ಇರುತ್ತದೆ. ಇನ್ನೊಬ್ಬರದು ತೋರಿಸಿದ ಕಡೆ ಸಹಿ ಹಾಕುವ ಕೆಲಸ. ಡಿವೋರ್ಸ್ ಆದ ಮೇಲೆ ಐಆರ್‌ಎಸ್ ಪತ್ರ ಬಂದಾಗಲೇ ಗೊತ್ತಾಗುವುದು, ಹಿಂದಿನ ವರ್ಷಗಳ ರಿಟರ್ನ್ ಸಲ್ಲಿಕೆಯೇ ಆಗಿಲ್ಲವೆಂದು. ಆಗ:

1. ಮೊದಲು ದಾಖಲೆ, ಆಮೇಲೆ ಫೋನು. ಐಆರ್‌ಎಸ್‌ನಿಂದ ನಿಮ್ಮ ಹೆಸರಿನ ಟ್ರಾನ್ಸ್‌ಕ್ರಿಪ್ಟ್ ತರಿಸಿಕೊಳ್ಳಿ, ಹಣ ಕೊಡಬೇಕಿಲ್ಲ. ಯಾವ ವರ್ಷ ಸಲ್ಲಿಕೆಯಾಗಿದೆ, ನಿಮಗೆ ಎಷ್ಟು ಸಂಬಳ, ಬಡ್ಡಿ ಬಂದಿದೆ ಎಲ್ಲ ಅದರಲ್ಲಿರುತ್ತದೆ. ಡಬ್ಲ್ಯೂ-2 ಕೊಡಿ ಎಂದು ಯಾರ ಬಳಿಯೂ ಅಂಗಲಾಚಬೇಕಿಲ್ಲ.

2. ಡಿಸೆಂಬರ್ 31 ನೋಡಿ. ಆ ದಿನ ಮದುವೆ ಊರ್ಜಿತದಲ್ಲಿದ್ದರೆ ಸಾಮಾನ್ಯವಾಗಿ ಇಡೀ ವರ್ಷ ನೀವು ವಿವಾಹಿತರೇ.

3. ಆ ವರ್ಷಗಳ ಜಾಯಿಂಟ್ ರಿಟರ್ನ್‌ಗೆ ಆತುರದ ಸಹಿ ಬೇಡ. "ಇಬ್ಬರೂ ಸೇರಿ ಹಾಕಿದರೆ ತೆರಿಗೆ ಕಡಿಮೆ" ಎಂಬ ಮಾತು ಬಂದೇ ಬರುತ್ತದೆ, ಬಹಳ ಸಲ ಅದು ನಿಜವೂ ಹೌದು. ಆದರೆ ಸಹಿ ಬಿದ್ದ ಮೇಲೆ ಇಡೀ ಬಾಕಿಗೆ ಇಬ್ಬರೂ ಹೊಣೆ; ಮಾಜಿ ಸಂಗಾತಿ ಮುಚ್ಚಿಟ್ಟ ಆದಾಯದ ತೆರಿಗೆಯನ್ನೂ ನಿಮ್ಮಿಂದ ವಸೂಲು ಮಾಡಬಹುದು. ಬೇರೆಯಾಗಿ ಸಲ್ಲಿಸಿದ್ದನ್ನು ಸಾಮಾನ್ಯವಾಗಿ 3 ವರ್ಷದೊಳಗೆ ಜಾಯಿಂಟ್ ಮಾಡಿಕೊಳ್ಳಬಹುದು. ಗಡುವು ದಾಟಿದ ಮೇಲೆ ಜಾಯಿಂಟನ್ನು ಬೇರೆ ಮಾಡಲು ಬರುವುದಿಲ್ಲ. ಅವರ ಲೆಕ್ಕದ ಮೇಲೆ ನಂಬಿಕೆಯಿಲ್ಲದಿದ್ದರೆ ನಾಲ್ಕು ಕಾಸು ಹೆಚ್ಚು ಹೋದರೂ ಬೇರೆಯಾಗಿ ಸಲ್ಲಿಸುವುದೇ ಲೇಸು.

4. ಯಾವ ರಾಜ್ಯದಲ್ಲಿದ್ದಿರಿ? ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ಸೇರಿ 9 ರಾಜ್ಯಗಳಲ್ಲಿ ದಂಪತಿಯ ದುಡಿಮೆ ಇಬ್ಬರದೂ ಎಂಬ ಕಾನೂನಿದೆ. ಅಲ್ಲಿ ನೀವು ಕೆಲಸಕ್ಕೇ ಹೋಗದಿದ್ದರೂ ಅವರ ಸಂಬಳದ ಅರ್ಧ ನಿಮ್ಮ ಆದಾಯವೆಂದು ಬರಬಹುದು. ಇದು ಗೊತ್ತಿರುವ ಸಿಪಿಎಯನ್ನೇ ಹಿಡಿಯಿರಿ. ಇಬ್ಬರಿಗೂ ಮೊದಲಿಂದ ಲೆಕ್ಕ ಬರೆಯುತ್ತಿದ್ದವರು ಬೇಡ.

5. ಕೈಯಲ್ಲಿ ದುಡ್ಡಿಲ್ಲದಿದ್ದರೂ ಸಲ್ಲಿಸಿ. ಸಲ್ಲಿಸದಿದ್ದಕ್ಕೆ ಬಾಕಿಯ ಮೇಲೆ ತಿಂಗಳಿಗೆ ಶೇ 5ರಂತೆ ಶೇ 25ರವರೆಗೆ ದಂಡ. ಕಟ್ಟದಿದ್ದಕ್ಕೆ ತಿಂಗಳಿಗೆ ಶೇ 0.5 ಮಾತ್ರ. ಬಾಕಿಯನ್ನು ಕಂತಿನಲ್ಲಿ ತೀರಿಸಲು ಕೇಳಿಕೊಳ್ಳಬಹುದು.

6. ರಿಫಂಡ್ ಬರಬೇಕಿದ್ದ ವರ್ಷವನ್ನು ಮೊದಲು ಎತ್ತಿಕೊಳ್ಳಿ. ಸುಮಾರು 3 ವರ್ಷ ದಾಟಿದರೆ ಆ ಹಣ ಸರ್ಕಾರದ್ದೇ.

7. ಕೋರ್ಟಿನ ಆದೇಶ ತೋರಿಸಿದರೆ ಐಆರ್‌ಎಸ್ ಸುಮ್ಮನಾಗುವುದಿಲ್ಲ. "ಹಳೆಯ ತೆರಿಗೆಯೆಲ್ಲ ಗಂಡನದೇ" ಎಂದು ಡಿಕ್ರಿಯಲ್ಲಿ ಬರೆದಿದ್ದರೂ ಜಾಯಿಂಟ್ ಬಾಕಿಗೆ ನಿಮ್ಮನ್ನೂ ಕೇಳುತ್ತಾರೆ. ಕಟ್ಟಿದ್ದನ್ನು ಮಾಜಿ ಗಂಡನಿಂದ ವಸೂಲು ಮಾಡಲು ಮತ್ತೆ ಕೋರ್ಟಿಗೇ ಹೋಗಬೇಕು.

8. ಜಾಯಿಂಟ್ ರಿಟರ್ನ್‌ಗೆ ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ ಫಾರ್ಮ್ 8857 ಇದೆ. ಅವರ ತಪ್ಪು ನಿಮಗೆ ತಿಳಿದಿರಲಿಲ್ಲ ಎಂದು ವಿನಾಯಿತಿ ಕೋರುವ ಅರ್ಜಿ ಇದು. ಮನೆಯಲ್ಲಿ ಹಿಂಸೆಯಿದ್ದರೆ ಅದನ್ನೂ ಬರೆಯಿರಿ, ಪರಿಗಣಿಸುತ್ತಾರೆ. ಅರ್ಜಿಯ ವಿಷಯ ಮಾಜಿ ಸಂಗಾತಿಗೆ ತಿಳಿಸುತ್ತಾರೆ, ನಿಮ್ಮ ಈಗಿನ ವಿಳಾಸ ಮಾತ್ರ ಕೊಡುವುದಿಲ್ಲ. ಹೆದರಿ ಕೂರಬೇಡಿ.

9. ಊರಿನ ಖಾತೆಗಳನ್ನು ಮರೆಯಬೇಡಿ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಅಮೆರಿಕದಲ್ಲಿದೆ. ವರ್ಷದ ಯಾವುದೇ ದಿನ ವಿದೇಶಿ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ಮೀರಿದ್ದರೆ ಎಫ್‌ಬಿಎಆರ್ ಎಂಬ ವರದಿಯನ್ನು ಬೇರೆಯೇ ಸಲ್ಲಿಸಬೇಕು. ಮದುವೆಯಾದ ಹೊಸದರಲ್ಲಿ ಅತ್ತೆಯವರ ಜೊತೆ ತೆರೆದ ಜಂಟಿ ಖಾತೆಯೂ ಆ ಲೆಕ್ಕಕ್ಕೆ ಬರುತ್ತದೆ. ಬ್ಯಾಂಕಿಗೆ ಬರೆದು ಸ್ಟೇಟ್‌ಮೆಂಟ್ ತರಿಸಿ, ಹಾಗೆಯೇ ನಿಮ್ಮ ಹೆಸರನ್ನೂ ತೆಗೆಸಿ.