ಹೊಸ ಸವಾರನೂ ಪರೀಕ್ಷಾರ್ಥ ಪರವಾನಗಿಯೂ

ಪದವಿಪತ್ರವನ್ನು ಹಿಡಿದು ಬಂದ ಉಪಾಧ್ಯಾಯನನ್ನು ವಿದ್ಯಾಸಂಸ್ಥೆಗಳು ಸಾಮಾನ್ಯವಾಗಿ ಮೊದಲ ದಿನವೇ ಖಾಯಂಗೊಳಿಸುವುದಿಲ್ಲ. ಪ್ರೊಬೇಷನ್ ಎಂಬ ಒಂದು ಅವಧಿಯನ್ನು ವಿಧಿಸುತ್ತವೆ. ಪರೀಕ್ಷೆಯಲ್ಲಿ ಉತ್ತೀರ್ಣನಾಗುವುದು ಬೇರೆ, ವೃತ್ತಿಯಲ್ಲಿ ಪಳಗುವುದು ಬೇರೆ ಎಂಬ ವಿವೇಕವೇ ಇದಕ್ಕೆ ಆಧಾರ. ಮೋಟಾರ್ ಸೈಕಲ್ ಸವಾರಿಗೂ ಈ ವಿವೇಕವನ್ನು ಅನ್ವಯಿಸಿದ ದೇಶಗಳ ಅನುಭವವು ಶಿಕ್ಷಕರೂ ಪಾಲಕರೂ ಅರಿಯತಕ್ಕದ್ದಾಗಿದೆ.

ಹೊಸ ಸವಾರನು ಸಮತೋಲನ, ಕ್ಲಚ್ಚು, ಗೇರು, ಹಿಂದುಮುಂದಿನ ಎರಡು ಬ್ರೇಕುಗಳು ಇವೆಲ್ಲವನ್ನೂ ಏಕಕಾಲದಲ್ಲಿ ನಿಭಾಯಿಸಬೇಕು. ಇವು ಅಭ್ಯಾಸಬಲದಿಂದ ತಾವಾಗಿಯೇ ನಡೆಯುವವರೆಗೆ ಅವನ ಗಮನವೆಲ್ಲ ವಾಹನದ ಮೇಲೆಯೇ ಇರುತ್ತದೆ. ತಿರುವಿನಲ್ಲಿ ಚೆಲ್ಲಿದ ಮರಳನ್ನಾಗಲಿ, ಅಡ್ಡ ಬರಲಿರುವ ಕಾರನ್ನಾಗಲಿ ಮುಂದಾಗಿ ಗ್ರಹಿಸಲು ಮನಸ್ಸಿಗೆ ಎಡೆಯಿರುವುದಿಲ್ಲ. ಹಿಂಬದಿಯಲ್ಲಿ ಇನ್ನೊಬ್ಬನು ಕುಳಿತರೆ ತೂಕದ ಹಂಚಿಕೆ ಬದಲಾಗುತ್ತದೆ. ರಾತ್ರಿಯಲ್ಲಿ ದೃಷ್ಟಿಯ ವ್ಯಾಪ್ತಿ ಕುಗ್ಗುತ್ತದೆ. ಬಲಿಷ್ಠ ಯಂತ್ರವು ಸಣ್ಣ ತಪ್ಪನ್ನೂ ದೊಡ್ಡ ಅನಾಹುತವಾಗಿಸುತ್ತದೆ.

ಇದಕ್ಕೆ ಎರಡು ಬಗೆಯ ಪರಿಹಾರಗಳುಂಟು. ಮೊದಲನೆಯದು ಶಿಕ್ಷೆಯ ಮಾರ್ಗ. ಬ್ರಿಟನ್ನಿನಲ್ಲಿ 1997ರ ಜೂನ್‌ನಿಂದ ಜಾರಿಗೆ ಬಂದ ಕಾನೂನಿನಂತೆ, ಮೊದಲ ಪರವಾನಗಿ ಪಡೆದ ಎರಡು ವರ್ಷಗಳೊಳಗೆ ಆರು ದಂಡಾಂಕಗಳನ್ನು ಗಳಿಸಿದವನು ಪರವಾನಗಿಯನ್ನು ಕಳೆದುಕೊಂಡು ಪುನಃ ಕಲಿಕೆಯವನಾಗಬೇಕು. ಎರಡನೆಯದು ಅಪಾಯವನ್ನೇ ದೂರವಿಡುವ ಮಾರ್ಗ. ನ್ಯೂಜಿಲೆಂಡ್ ದೇಶವು 1987ರಲ್ಲಿ ಕಲಿಕೆ, ನಿರ್ಬಂಧಿತ, ಪೂರ್ಣ ಎಂಬ ಮೂರು ಹಂತಗಳ ಪರವಾನಗಿಯನ್ನು ಜಾರಿಗೆ ತಂದಿತು. ಪೂರ್ಣ ಪರವಾನಗಿ ದೊರೆಯುವವರೆಗೆ ಯುವ ಸವಾರನು ರಾತ್ರಿ 10ರಿಂದ ಬೆಳಗಿನ 5ರವರೆಗೆ ಸವಾರಿ ಮಾಡುವಂತಿರಲಿಲ್ಲ, ಹಿಂಬದಿ ಸವಾರರನ್ನು ಕೂರಿಸುವಂತಿರಲಿಲ್ಲ, 250 ಸಿ.ಸಿ. ಮೀರಿದ ವಾಹನವನ್ನು ಏರುವಂತಿರಲಿಲ್ಲ.

ಇದರ ಫಲವನ್ನು ಪರಿಶೀಲಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 15ರಿಂದ 19 ವಯಸ್ಸಿನವರಲ್ಲಿ ಮೋಟಾರ್ ಸೈಕಲ್ ಅಪಘಾತದಿಂದ ಆಸ್ಪತ್ರೆ ಸೇರುವವರ ಸಂಖ್ಯೆ ಶೇಕಡಾ 22ರಷ್ಟು ಇಳಿಯಿತು. ಆದರೆ ಸವಾರರು ಏಕಾಏಕಿ ನಿಪುಣರಾದರೆಂದು ಇದರಿಂದ ಭಾವಿಸಲಾಗದು. ಒಟ್ಟಾರೆ ಮೋಟಾರ್ ಸೈಕಲ್ ಸವಾರಿಯೇ ಕಡಿಮೆಯಾದುದು ಈ ಇಳಿಕೆಗೆ ಬಹುಮಟ್ಟಿಗೆ ಕಾರಣವಾಗಿರಬಹುದೆಂದು ಸಂಶೋಧಕರೇ ಸೂಚಿಸಿದರು. ಅಪಾಯಕ್ಕೆ ಒಡ್ಡಿಕೊಳ್ಳುವ ಸಂದರ್ಭಗಳು ಕಡಿಮೆಯಾದಷ್ಟೂ ಪ್ರಾಣಗಳು ಉಳಿಯುತ್ತವೆ ಎಂಬುದೇ ಇಲ್ಲಿನ ಪಾಠ.

ಭಾರತದ 1988ರ ಮೋಟಾರು ವಾಹನ ಕಾಯಿದೆಯಂತೆ ಕಲಿಕಾ ಪರವಾನಗಿಗೆ ಆರು ತಿಂಗಳ ಅವಧಿಯುಂಟು. ಅದನ್ನು ಪಡೆದು 30 ದಿನಗಳಾಗದೆ ಪರೀಕ್ಷೆಗೆ ಹಾಜರಾಗುವಂತಿಲ್ಲ. ಆ ಅವಧಿಯಲ್ಲಿ ಬೋಧಕನ ಹೊರತು ಬೇರಾರನ್ನೂ ಹಿಂದೆ ಕೂರಿಸುವಂತಿಲ್ಲ. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಗೇರುಳ್ಳ ಮೋಟಾರ್ ಸೈಕಲ್ಲಿನ ಪರವಾನಗಿ ಕೈಸೇರಿದೊಡನೆ ಎಲ್ಲ ಮಿತಿಗಳೂ ಒಮ್ಮೆಗೇ ಕಳಚಿಬೀಳುತ್ತವೆ. ಅದೇ ರಾತ್ರಿ ಎಷ್ಟೇ ಬಲಶಾಲಿಯಾದ ವಾಹನವನ್ನೇರಿ, ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಗೆ ಇಳಿಯಲು ಹೊಸ ಸವಾರನಿಗೆ ಕಾನೂನಿನ ಅಡ್ಡಿಯಿಲ್ಲ.

ಕಾನೂನು ಕಲ್ಪಿಸದ ಈ ನಡುವಣ ಹಂತವನ್ನು ಮನೆಯೇ ಕಲ್ಪಿಸಬಹುದು. ಹದಿನೆಂಟು ತುಂಬಿದ ಮಗನಿಗೆ ವಾಹನವನ್ನು ಉಡುಗೊರೆಯಾಗಿ ಕೊಡುವ ತಂದೆತಾಯಿಗಳು ಶಿರಸ್ತ್ರಾಣದೊಡನೆ ಮೂರು ಷರತ್ತುಗಳನ್ನೂ ಕೊಡಲಿ: ಮೊದಲ ವರ್ಷ ರಾತ್ರಿ ಸವಾರಿ ಬೇಡ, ಹಿಂದೆ ಯಾರೂ ಬೇಡ, ಅತಿ ಬಲದ ಯಂತ್ರ ಬೇಡ. ಪ್ರೊಬೇಷನ್ನಿನಿಂದ ಒಳ್ಳೆಯ ಉಪಾಧ್ಯಾಯನಿಗೆ ಅಗೌರವವಾಗುವುದಿಲ್ಲ. ಒಳ್ಳೆಯ ಸವಾರನಿಗೂ ಆಗದು.