ವ್ಯಾನ್ ಬರುವ ಮುಂಚಿನ ಹೊತ್ತು

ಮಗಳೇ, ಮೊಮ್ಮಗಳು ಮಗ್ಗಿ ಮರೆಯುತ್ತಾಳೆಂದು ಟ್ಯೂಷನ್‌ಗೆ ಹಾಕುವ ಯೋಚನೆ ಮಾಡಿದ್ದೀಯಂತೆ. ಹಾಕುವೆಯಂತೆ, ಅದಕ್ಕೂ ಮುಂಚೆ ನಿಮ್ಮನೆಯ ಬೆಳಗನ್ನು ಒಮ್ಮೆ ನೋಡಿಕೋ.

ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು ನಾನು. ಹಾಜರಿ ಕೂಗುವಾಗಲೇ ಯಾವ ಮಗು ಬೈಸಿಕೊಂಡು ಬಂದಿದೆ ಎಂದು ದನಿಯಲ್ಲಿ ತಿಳಿಯುತ್ತಿತ್ತು. ಮೊದಲ ಪೀರಿಯಡ್‌ನ ಉಕ್ತಲೇಖನದಲ್ಲಿ ಆ ಮಗು ಒತ್ತಕ್ಷರ ನುಂಗಿರುತ್ತಿತ್ತು. ಮಧ್ಯಾಹ್ನ ಅದೇ ಪದ ಕೊಟ್ಟರೆ ಸರಿಯಾಗಿ ಬರೆಯುತ್ತಿತ್ತು. ದಡ್ಡತನ ಅಲ್ಲವೇ ಅಲ್ಲ. ಮನಸ್ಸಿನಲ್ಲೇ ಕೂಡುವಾಗ ದಶಕವನ್ನು ಹಿಡಿದಿಟ್ಟುಕೊಳ್ಳುವ ಜಾಗ ಎಲ್ಲರಿಗೂ ಚಿಕ್ಕದೇ, ಮಕ್ಕಳಿಗೆ ಇನ್ನೂ ಚಿಕ್ಕದು. ‘ಅಮ್ಮ ಸಂಜೆಗೂ ಸಿಟ್ಟಾಗೇ ಇರ್ತಾಳಾ’ ಎಂಬ ದಿಗಿಲು ಅಲ್ಲಿ ಬಂದು ಕೂತರೆ ದಶಕಕ್ಕೆ ಎಡೆ ಎಲ್ಲಿ?

ನಿಮ್ಮನೆಯ ಬೆಳಗಿನ ಗಲಾಟೆ ಶುರುವಾಗುವುದು ಬೆಳಿಗ್ಗೆಯಲ್ಲ, ಹಿಂದಿನ ರಾತ್ರಿ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ವೈದ್ಯರು. ಆರಕ್ಕೆ ಏಳಬೇಕಾದ ಮಗು ಒಂಬತ್ತಕ್ಕೆಲ್ಲ ನಿದ್ದೆ ಹೋಗಿರಬೇಕು. ಒಂಬತ್ತಕ್ಕೆ ಹಾಸಿಗೆ ಹಾಸುವುದಲ್ಲ. ಹಾಲ್‌ನಲ್ಲಿ ನೀವು ಧಾರಾವಾಹಿ ಹಾಕಿಕೊಂಡು ಕೂತರೆ ಅದು ಹೇಗೆ ಮಲಗೀತು? ಸಮವಸ್ತ್ರ, ಬೆಲ್ಟ್, ಸಾಕ್ಸು ರಾತ್ರಿಯೇ ಒಂದು ಕಡೆ ಸೇರಲಿ. ಡೈರಿಗೆ ಸಹಿಯೂ ಆಗಲೇ ಆಗಲಿ. ಬಾಗಿಲಲ್ಲಿ ಪೆನ್ನು ಹುಡುಕುವ ಮನೆಗಳೇ ಹೆಚ್ಚು.

ತಿಂಡಿಯ ವಿಷಯಕ್ಕೆ ಬಂದರೆ, ಮಗು ತಿನ್ನುವುದು ಮುಖ್ಯ, ನಿನ್ನ ಉಪ್ಪಿಟ್ಟು ಗೆಲ್ಲುವುದಲ್ಲ. ಸರ್ಕಾರಿ ಶಾಲೆಗಳಿಗೆ 2013ರಲ್ಲಿ ಕ್ಷೀರಭಾಗ್ಯ ಬಂದಾಗ, ಕೂಲಿಗೆ ಹೋಗುವವರ ಮನೆಯಿಂದ ಬರಿ ಹೊಟ್ಟೆಯಲ್ಲಿ ಬಂದ ಮಕ್ಕಳು 150 ಮಿಲಿ ಬಿಸಿ ಹಾಲು ಕುಡಿದ ಮೇಲೆ ತೂಕಡಿಕೆ ಬಿಟ್ಟು ಕೂರುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ದೋಸೆ ಅರ್ಧ ಉಳಿದರೆ ಉಳಿಯಲಿ. ಬಾಯಿಗೆ ತುರುಕಬೇಡ.

ಜಡೆ ಹಾಕುವಾಗ ಮಗ್ಗಿ ಒಪ್ಪಿಸು ಎನ್ನಬೇಡ. ಆ ಹೊತ್ತಿನಲ್ಲಿ ಅವಳು ಹೇಳುವ ಬೀದಿನಾಯಿ ಮರಿಗಳ ಕತೆ ಕೇಳು. ಸುಮ್ಮನೆ ಹೂಂಗುಟ್ಟಿದರೂ ಸಾಕು. ಆದರೆ ದಿನವೂ ಹೊರಡುವ ಹೊತ್ತಿಗೇ ಹೊಟ್ಟೆನೋವು ಅಂದರೆ ನಾಟಕ ಅಂತ ತಳ್ಳಿಹಾಕಬೇಡ. ಅಂಜಿಕೆಯಿಂದ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಡಾಕ್ಟರಿಗೆ ತೋರಿಸು, ಶಾಲೆಯಲ್ಲಿ ಯಾರಿಗೆ ಹೆದರುತ್ತಾಳೆಂದು ಟೀಚರ್ ಹತ್ತಿರವೂ ಮೆತ್ತಗೆ ವಿಚಾರಿಸು.

ಒಂದೊಂದು ದಿನ ವ್ಯಾನ್ ತಪ್ಪುತ್ತದೆ. ಆಟೋ ಹಿಡಿ. ದಾರಿಯುದ್ದಕ್ಕೂ ಬೈದರೆ ಆಟೋ ಬೇಗ ಹೋಗುವುದಿಲ್ಲ.

ಇನ್ನು, ಇಷ್ಟೆಲ್ಲ ನೀನೊಬ್ಬಳೇ ಯಾಕೆ ಹೊರಬೇಕು? ನಾಳೆ ಶನಿವಾರ, ಬೆಳಗಿನ ಶಾಲೆ. ಅಳಿಯಂದಿರಿಗೆ ಬಿಟ್ಟುಕೊಡು. ಜಡೆ ಓರೆಯಾದರೂ ನೀನು ಬಾಯಿ ಹಾಕಬೇಡ.